ರಾಜ್ಯದ ಹಕ್ಕು ಮತ್ತು ನಮ್ಮ ಕೇರಿ



ರಾಜ್ಯದ ಹಕ್ಕಿನ ಮಾತೆತ್ತಿದರೆ ನಮ್ಮ ಕೇರಿಯ ಹುಡುಗರು ನಗುತ್ತಾರೆ. 'ಊರ ಒಡೆಯನಿಗೂ ದಿಲ್ಲಿ ಒಡೆಯನಿಗೂ ಜಗಳ ಬಿದ್ರೆ ನಮಗೇನ್ ಬಂತು?' ಅಂತಾರೆ. ಈ ನಗುವನ್ನು ತಳ್ಳಿಹಾಕುವ ಹಾಗಿಲ್ಲ. ಬಾಬಾಸಾಹೇಬರೂ ಬಲವಾದ ಕೇಂದ್ರವನ್ನೇ ಬಯಸಿದವರು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹಾಡಿ ಹೊಗಳುವವರ ಎದುರು ನಿಂತು, ಅದು ಅಜ್ಞಾನದ ಗೂಡು ಎಂದು ನೇರವಾಗಿ ಹೇಳಿದವರು. ಅಸ್ಪೃಶ್ಯತೆಯ ವಿರುದ್ಧ 1955ರ ಕಾಯ್ದೆ, ದೌರ್ಜನ್ಯದ ವಿರುದ್ಧ 1989ರ ಕಾಯ್ದೆ, ಎರಡೂ ಬಂದದ್ದು ದಿಲ್ಲಿಯಿಂದಲೇ. ಇತ್ತ 2000ದ ಮಾರ್ಚಿನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಪೊಲೀಸು ರಾಜ್ಯದ್ದು, ಆಡಳಿತ ರಾಜ್ಯದ್ದು. ಇಷ್ಟೆಲ್ಲ ಕಂಡವರು ನಾವು ರಾಜ್ಯದ ಹಕ್ಕು ಅಂತ ಕೂಗಬೇಕೆ?

ಕೂಗಬೇಕು. ಯಾಕೆ ಅನ್ನುವುದನ್ನು ನಮ್ಮ ಕೇರಿಯಲ್ಲಿ ನಿಂತೇ ಹೇಳುತ್ತೇವೆ.

ಮೊದಲು ಅಕ್ಕಿಯ ಮಾತು. 2023ರಲ್ಲಿ ಹೊಸದಾಗಿ ಬಂದ ರಾಜ್ಯ ಸರ್ಕಾರ ತಲೆಗೆ ಇನ್ನೂ ಐದು ಕೆಜಿ ಅಕ್ಕಿ ಕೊಡುತ್ತೇವೆ ಅಂದಿತು. ಆಹಾರ ನಿಗಮದ ಉಗ್ರಾಣದಲ್ಲಿ ದಾಸ್ತಾನಿತ್ತು. ರಾಜ್ಯ ಪುಕ್ಕಟೆ ಕೇಳಲಿಲ್ಲ, ಕೆಜಿಗೆ 34 ರೂಪಾಯಿ ಕೊಟ್ಟು ಕೊಳ್ಳುತ್ತೇವೆ ಅಂದಿತು. ಅದೇ ಜೂನಿನಲ್ಲಿ ಕೇಂದ್ರ, ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಗೋಧಿ ಮಾರುವುದನ್ನೇ ನಿಲ್ಲಿಸಿಬಿಟ್ಟಿತು. ಬೆಲೆ ಏರದಂತೆ ತಡೆಯಲು ಅಂತ ಸಬೂಬು. ಖಾಸಗಿ ವ್ಯಾಪಾರಿಗಳಿಗೆ ಹರಾಜು ಮಾತ್ರ ನಿಲ್ಲಲಿಲ್ಲ. ಕೊನೆಗೆ ಜುಲೈನಿಂದ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬ್ಯಾಂಕಿಗೆ ಬಂತು. 'ದುಡ್ಡ ಬೇಯಿಸ್ಕಂಡು ಉಣ್ಣಾಕಾಯ್ತದಾ?' ಅಂದಳು ಅವ್ವ. ಬ್ಯಾಂಕಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಕೂಲಿಯಲ್ಲಿ ಸವೆದ ಹೆಬ್ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಆ ಐದು ಕೆಜಿ ಅಕ್ಕಿಯಾಗಿಯೇ ಬರಲು 2025ರ ಫೆಬ್ರವರಿ ಆಗಬೇಕಾಯಿತು.

ಇದನ್ನು ಎರಡು ಪಕ್ಷಗಳ ಜಗಳ ಅಂತ ನೋಡಿದವರೇ ಹೆಚ್ಚು. ನಮ್ಮ ಕಣ್ಣಿಗೆ ಕಂಡದ್ದು ಬೇರೆ. ನಮ್ಮ ಜನ ಓಟು ಹಾಕಿ ಕೇಳಿದ ಅನ್ನಕ್ಕೆ, ನಮ್ಮ ಓಟು ತಲುಪದ ಕಡೆಯಿಂದ ಬೀಗ ಬಿತ್ತು.

ನೆಲ ರಾಜ್ಯಪಟ್ಟಿಯಲ್ಲಿರುವ ವಿಷಯ. ಆದ್ದರಿಂದಲೇ 1974ರಲ್ಲಿ ದೇವರಾಜ ಅರಸರ ಸರ್ಕಾರಕ್ಕೆ ಉಳುವವನೇ ಒಡೆಯ ಅನ್ನಲು ಸಾಧ್ಯವಾಯಿತು. ಅದರಲ್ಲಿ ಗೇಣಿದಾರನಿಗೆ ಸಿಕ್ಕಷ್ಟು ಕೂಲಿಯವನಿಗೆ ಸಿಗಲಿಲ್ಲ, ನಿಜ. ಆದರೆ ನಮಗೆ ಮಂಜೂರಾದ ಜಮೀನು ಕಂಡವರ ಪಾಲಾಗದಂತೆ ತಡೆಯುವ ಕಾಯ್ದೆ 1978ರಲ್ಲಿ ಬಂದದ್ದೂ ಇದೇ ವಿಧಾನಸೌಧದಿಂದ. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದವರು ಎಪ್ಪತ್ತರ ದಶಕದಲ್ಲಿ ರಾಜ್ಯದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ದಿಲ್ಲಿಗೆ ಅಂಥ ಕಾಯ್ದೆ ಮಾಡಲು 1993 ಆಯಿತು. ಬೆಂಗಳೂರಿನ ದೊರೆಗಳು ಒಳ್ಳೆಯವರು ಅಂತ ನಾವು ಹೇಳುತ್ತಿಲ್ಲ. ಅವರು ಕೈಗೆ ಸಿಗುತ್ತಾರೆ. ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಬೆಂಗಳೂರಿನಲ್ಲಿ ಧರಣಿ ಕೂರಬಹುದು, ನಮ್ಮ ಮಾತಿನಲ್ಲೇ ಬೈಯಬಹುದು. ದಿಲ್ಲಿಯವರನ್ನು ಬೈಯಲು ನಮಗೆ ಮಾತೂ ಬಾರದು, ಬಸ್‌ಚಾರ್ಜೂ ಇಲ್ಲ.

ಬೈದರೂ, ಮಾಡಲು ದುಡ್ಡು ಅಧಿಕಾರ ಎರಡೂ ಇಲ್ಲದವನನ್ನು ಬೈದು ಏನು ಪ್ರಯೋಜನ? ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.71 ಇತ್ತು. 15ನೆಯದರಲ್ಲಿ, 2021ರಿಂದ 26ರವರೆಗೆ, ಶೇ. 3.65ಕ್ಕೆ ಇಳಿಯಿತು. ಸೆಸ್ಸು, ಸರ್‌ಚಾರ್ಜು ಎಂದು ವಸೂಲಾದದ್ದನ್ನು ಹಂಚಲೇಬೇಕೆಂದಿಲ್ಲ. 2017ರಲ್ಲಿ ಬಂದ ಜಿಎಸ್‌ಟಿಯ ಮಂಡಳಿಯಲ್ಲಿ ಕೇಂದ್ರದ ಓಟಿನ ತೂಕ ಮೂರರಲ್ಲಿ ಒಂದು ಪಾಲು. ತೀರ್ಮಾನಕ್ಕೆ ಬೇಕಾದದ್ದು ನಾಲ್ಕರಲ್ಲಿ ಮೂರು ಪಾಲು. ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರ ಒಪ್ಪದೆ ಏನೂ ಆಗದು. ನಮ್ಮೂರ ಪಂಚಾಯ್ತಿ ಕಟ್ಟೆಯ ನ್ಯಾಯವೂ ಹೀಗೇ ಇರುತ್ತಿತ್ತು.

ಹಾಗಾದರೆ ಬಾಬಾಸಾಹೇಬರು? ಅವರು ಬಯಸಿದ್ದು ನಮ್ಮನ್ನು ಕಾಯುವ ಬಲ. ಅನ್ನದ ಚೀಲಕ್ಕೆ ಬೀಗ ಹಾಕುವ ಬಲ ಅಲ್ಲ. ಕಾನೂನು ಮಾಡುವ ಅಧಿಕಾರಕ್ಕಾಗಿ ರಾಜ್ಯಗಳು ಕೇಂದ್ರದ ಮುಂದೆ ಕೈಚಾಚಬೇಕಿಲ್ಲ ಎಂದು 1949ರ ನವೆಂಬರ್ 25ರ ಭಾಷಣದಲ್ಲಿ ಬಿಡಿಸಿ ಹೇಳಿದವರು ಅವರೇ. ಚುನಾಯಿತ ಸರ್ಕಾರಗಳನ್ನು ಕಿತ್ತುಹಾಕುವ ವಿಧಿ ಬಳಕೆಗೇ ಬರದೆ ಉಳಿಯಲಿ ಎಂದು ಆಶಿಸಿದವರೂ ಅವರೇ. ಆದದ್ದೇನು? 1989ರಲ್ಲಿ, ಸದನದಲ್ಲೇ ಬಲ ತೋರಿಸುತ್ತೇನೆ ಅಂದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ಅದೇ 356ನೇ ವಿಧಿಯಿಂದ ಕಿತ್ತರು. ಬಲಾಬಲ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರಲ್ಲಿ. ಜಮೀನಿಲ್ಲದ, ಗದ್ದುಗೆಯಿಲ್ಲದ ನಮ್ಮ ಬಳಿ ಇರುವುದು ಓಟೊಂದೇ. ಅದನ್ನು ಮೇಲಿಂದ ಹರಿದುಹಾಕುವ ಕೈ ಯಾರದ್ದಾದರೂ ನಮಗೆ ಅದು ಒಡೆಯನ ಕೈಯೇ.

ಆದರೆ ಈ ಹೋರಾಟದ ಮುಂದಾಳತ್ವ ವಹಿಸಿದವರಿಗೂ ನಮ್ಮದೊಂದು ಲೆಕ್ಕ ಕೇಳುವುದಿದೆ. ನಮ್ಮ ಜನಸಂಖ್ಯೆಗೆ ತಕ್ಕ ಹಣ ನಮಗೇ ಖರ್ಚಾಗಬೇಕೆಂದು 2013ರಲ್ಲಿ ಇದೇ ರಾಜ್ಯ ಉಪಯೋಜನೆಯ ಕಾಯ್ದೆ ಮಾಡಿತು. 2023-24ರಲ್ಲಿ ಆ ಹಣದಿಂದ 11,000 ಕೋಟಿಗೂ ಹೆಚ್ಚನ್ನು ಗ್ಯಾರಂಟಿಗಳಿಗೆ ತಿರುಗಿಸಿತು. ಫಲಾನುಭವಿಗಳಲ್ಲಿ ನೀವೂ ಇದ್ದೀರಲ್ಲ ಅಂತ ಉತ್ತರ. ದಿಲ್ಲಿ ಕೂಡ ಬೆಂಗಳೂರಿಗೆ ಹೀಗೇ ಹೇಳಬಹುದು: ನಾವು ಖರ್ಚು ಮಾಡುವ ದೇಶದಲ್ಲಿ ನೀವೂ ಇದ್ದೀರಲ್ಲ! ತನ್ನ ಪಾಲು ಕೇಳುವವನು ಕೇರಿಯ ಪಾಲಿಗೆ ಕೈ ಹಾಕಿದರೆ ಅವನ ಕೂಗಿಗೆ ನಮ್ಮ ಗಂಟಲು ಹೇಗೆ ಸೇರೀತು?

ಆದ್ದರಿಂದ ನಾವು ಎರಡು ಕಡೆ ಮುಖ ಮಾಡಿ ಕೂಗಬೇಕಾಗಿದೆ. ರಾಜ್ಯದ ಹಕ್ಕನ್ನು ರಾಜ್ಯಕ್ಕೆ ಬಿಡಿ ಅಂತ ದಿಲ್ಲಿಗೆ. ಬಿಡಿಸಿಕೊಂಡದ್ದನ್ನು ಕೇರಿಯವರೆಗೆ ತನ್ನಿ ಅಂತ ಬೆಂಗಳೂರಿಗೆ. ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಗೆಳೆಯರಲ್ಲಿ ಒಂದೇ ಕೋರಿಕೆ: ಮುಂದಿನ ಬಜೆಟ್ಟು ಬಂದ ದಿನ ಕೇರಿಯ ಜಗಲಿಯ ಮೇಲೆ ಕೂತು ಎರಡೂ ಲೆಕ್ಕ ಓದಿ ಹೇಳಿ. ದಿಲ್ಲಿ ಎಷ್ಟು ಇಟ್ಟುಕೊಂಡಿತು, ಬೆಂಗಳೂರು ಎಷ್ಟು ತಿರುಗಿಸಿತು ಅನ್ನುವುದು ನಮ್ಮ ಅವ್ವಂದಿರಿಗೆ ಬಾಯಿಪಾಠವಾಗಲಿ.