ಗೆದ್ದು ಬಂದ ಮೈಗೂ ಆರೈಕೆ ಬೇಕು

ಸೋದರಿಯರೇ, ಟ್ರಯಥ್ಲಾನ್ ಅನ್ನೋ ಸ್ಪರ್ಧೆಯ ಹೆಸರು ಕೇಳಿದ್ದೀರಾ? ಗೋವಾದಲ್ಲಿ 2019ರಲ್ಲಿ ಶುರುವಾದ ‘ಐರನ್‌ಮ್ಯಾನ್ 70.3’ರಲ್ಲಿ ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, ಆಮೇಲೆ 21.1 ಕಿಲೋಮೀಟರ್ ಓಡಬೇಕು! ನಮ್ಮ ನನ್ನಿವಾಳದಲ್ಲಿ ಬೆಳೆದ ನನ್ನ ತಮ್ಮನ ಮಗ 2024ರಲ್ಲಿ ಇದನ್ನು ಮುಗಿಸಿದ. ಗೆರೆ ದಾಟಿ ನಿಂತದ್ದೇ ತಡ, ಕುಸಿದು ಬಿದ್ದ.

ಹೀಗೇಕೆ? ಓಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ತಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು, ಒತ್ತಡ ಇಳಿದು, ಕಣ್ಣು ಕತ್ತಲಿಡುತ್ತದೆ. ಅದಕ್ಕೇ ಓಟ ಮುಗಿದ ಮೇಲೂ ಸ್ವಲ್ಪ ಹೊತ್ತು ಮೆಲ್ಲಗೆ ನಡೆಯಬೇಕು. ಅಲ್ಲಿದ್ದವರು ಅವನನ್ನು ನೆರಳಲ್ಲಿ ಮಲಗಿಸಿ ಕಾಲು ಎತ್ತಿ ಹಿಡಿದ ಮೇಲೆ ಚೇತರಿಸಿಕೊಂಡನಂತೆ.

ಹತ್ತು ದಿನ ರಜೆ ಹಾಕಿ ನಮ್ಮಲ್ಲಿಗೆ ಬಂದ. ಮೆಟ್ಟಿಲು ಇಳಿಯೋಕೂ ಗೋಡೆ ಹಿಡೀಬೇಕು. ಆದರೂ ಮಾರನೇ ದಿನವೇ, “ಅತ್ತೆ, ಒಂದು ಸುತ್ತು ಓಡಿ ಬರ್ತೀನಿ” ಅಂದ.

“ಬಾಣಂತಿ ಮೂರೇ ದಿನಕ್ಕೆ ಹೊಲಕ್ಕೆ ಹೋಗ್ತಾಳೇನೋ? ಸುಮ್ನೆ ಕೂತ್ಕೋ” ಅಂದೆ.

ರಾಗಿ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಮುದ್ದೆ, ಹುರುಳಿ ಸಾರು, ಕಣ್ತುಂಬ ನಿದ್ದೆ, ಇಷ್ಟೇ ನನ್ನ ಔಷಧಿ. ಹೊರಡುವ ಹೊತ್ತಿಗೆ ಹಳೇ ಹುಡುಗನಾಗಿದ್ದ.

ನೆನಪಿಡಿ, ಬೆವರು ಸುರಿಸಿ ದಣಿದಾಗ ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಕಡಿಮೆಯಾಗಿ ಅಪಾಯ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮಾತು ತೊದಲಿದರೆ ಮನೆಮದ್ದು ಬೇಡ. ಕೂಡಲೇ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಇಂಥ ಸ್ಪರ್ಧೆ ನಮಗೆ ದೂರದ ಮಾತು, ನಿಜ. ಆದರೆ ಶೇಂಗಾ ಕಿತ್ತ ದಿನ, ಮದುವೆ ಮನೆ ಅಡಿಗೆ ಮುಗಿಸಿದ ದಿನ ನಮ್ಮ ಮೈಯೂ ಹೀಗೇ ದಣಿದಿರುತ್ತದೆ. ಮಾರನೇ ದಿನ ನಮಗೂ ಒಂದು ಲೋಟ ಮಜ್ಜಿಗೆ, ಒಂದು ಗಳಿಗೆ ಚಾಪೆ ಬೇಡವೇ?