ಚಿತ್ರಕ್ಕೆ ತಕ್ಕ ಸ್ಥಳ

ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಿಬರುವಂತೆ, ಮೃಗಪಕ್ಷಿಗಳ ಛಾಯಾಚಿತ್ರ ತೆಗೆಯಲು ತಕ್ಕ ಸ್ಥಳವಾವುದೆಂದು ನಗರವಾಸಿಗಳಾದ ಮಿತ್ರರು ನನ್ನನ್ನು ಕೇಳುವುದುಂಟು. ರಂಗನತಿಟ್ಟಿನ ಹೆಸರನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಸಲೀಂ ಅಲಿಯವರ ಪ್ರೇರಣೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳಿಗೆ ಕಾವಲುಂಟು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲೂ 2007ರಿಂದ ಕೃಷ್ಣಮೃಗಗಳಿಗೆ ಮೀಸಲಾಗಿದೆ.

ನಮ್ಮ ಹಾರನಹಳ್ಳಿಯ ಮಾತು ಬಂದಾಗ ಮಾತ್ರ ನಾಲಿಗೆ ತಡೆಯುತ್ತದೆ. ಹದಿಮೂರನೆಯ ಶತಮಾನದ ಚೆನ್ನಕೇಶವ, ಸೋಮೇಶ್ವರ ದೇಗುಲಗಳನ್ನು ಯಾರಿಗಾದರೂ ತೋರಿಸಬಹುದು. ಕಲ್ಲಿನ ಮೃಗಗಳು ಬೆದರುವುದಿಲ್ಲ. ಕೆರೆಯಂಗಳದ ಬರಿಯ ನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭದ ಗತಿ ಬೇರೆ. (ಯಾವ ಕೆರೆಯೆಂದು ಇಲ್ಲಿಯೂ ಬರೆಯಲಾರೆನು, ವಾಚಕರು ಕ್ಷಮಿಸಬೇಕು.) ಬಿಸಿಲೇರಿದಾಗ ಆ ಹಕ್ಕಿಯು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುತ್ತದೆ. ಕ್ಯಾಮೆರಾ ಹಿಡಿದವರು ಹತ್ತಿರ ಕುಳಿತರೆ, ಅದು ಮೇಲೆ ಸುತ್ತಿ ಕೂಗುವುದೇ ಹೊರತು ಇಳಿಯುವುದಿಲ್ಲ. ಅಷ್ಟರಲ್ಲಿ ಮೊಟ್ಟೆಗಳು ಸುಡು ನೆಲದಲ್ಲಿ ಕಾಯುತ್ತವೆ. ಕಾಗೆಗೂ ದಾರಿ ತೋರಿಸಿದಂತಾಗುತ್ತದೆ.

ಆದುದರಿಂದ ಬಂದವರನ್ನು ದೂರದ ತೆಂಗಿನ ನೆರಳಿನಲ್ಲಿಯೇ ಕೂರಿಸುತ್ತೇನೆ. ಕಳೆದ ಚೈತ್ರದಲ್ಲಿ ಮಿತ್ರರೊಬ್ಬರು ಇನ್ನೂ ಹತ್ತು ಹೆಜ್ಜೆ ಮುಂದೆ ಹೋಗಲು ಹಟ ಹಿಡಿದರು. ನಾನು ಒಪ್ಪಲಿಲ್ಲ. ಅವರು ಮುನಿಸಿಕೊಂಡು ಮಧ್ಯಾಹ್ನದ ರೈಲಿಗೆ ಹೊರಟರು. ಹಕ್ಕಿಯು ಒಮ್ಮೆ ನೀರಿಗೆ ಹೋಗಿ, ಒದ್ದೆ ಗರಿಗಳೊಡನೆ ಮರಳಿ ಬಂದು ಕಾವಿಗೆ ಕುಳಿತಿತು.