ಐವತ್ತರ ನೋಟು, ನಾಲ್ಕನೇ ಸಾಲು

ಕಳೆದ ವಾರ ಅಕ್ಕನ ಮಗಳ ಶಾಲೆಯ ಡೈರಿಯಲ್ಲಿ ಕೆಂಪು ಮಸಿಯ ಒಂದು ಸಾಲು ಬಂದಿತ್ತು. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಮಾತಾಡಿದ್ದಾಳೆ, 50 ರೂಪಾಯಿ ದಂಡ, ಪಾಲಕರ ಸಹಿ ಬೇಕು. ಏಳನೇ ಕ್ಲಾಸಿನ ಹುಡುಗಿ. ಪಕ್ಕದಲ್ಲಿ ಕೂತವಳನ್ನು ಪದ್ಯದ ಒಂದು ಮಾತಿಗೆ ಅರ್ಥ ಕೇಳಿದ್ದಳಂತೆ, ಅಷ್ಟೇ.

ಅಕ್ಕ ಪರ್ಸಿನಿಂದ ತೆಗೆದಿಟ್ಟ ನೋಟನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ನಮ್ಮ ಹಂಪಿಯ ಕಲ್ಲಿನ ತೇರು. ಭಾಷೆಗಳ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೇ ಸಾಲು ಕನ್ನಡ, ಕೆಳಗಿನಿಂದ ಎರಡನೆಯದು ತೆಲುಗು. ತನ್ನ ಬೆಲೆಯನ್ನು ಕನ್ನಡದಲ್ಲೂ ಬರೆದುಕೊಂಡ ನೋಟು ಹೊಸಪೇಟೆಯಲ್ಲಿ ಕನ್ನಡ ಆಡಿದ ತಪ್ಪಿಗೆ ದಂಡವಾಗಿ ಹೋಗಬೇಕು. ಆ ರಾತ್ರಿ ಊಟ ಸೇರಲಿಲ್ಲ.

ಶನಿವಾರ ಮಧ್ಯಾಹ್ನ ಆ ಪಕ್ಕದಲ್ಲಿ ಕೂತವಳೇ ಮನೆಗೆ ಬಂದಳು, ಪರೀಕ್ಷೆಗೆ ಕೂಡಿ ಓದಲು. ಕಂಪ್ಲಿ ಕಡೆಯ ಒಂದು ಕ್ಯಾಂಪಿನವಳು. ಡ್ಯಾಮಿನ ನೀರು ಕಾಲುವೆಗೆ ಬಂದ ಮೇಲೆ ಆಂಧ್ರದಿಂದ ಬಂದು ಗದ್ದೆ ಮಾಡಿದ ಮನೆತನ, ಮನೆಮಾತು ತೆಲುಗು. ಕೈಯಲ್ಲಿ ಅಮ್ಮ ಕೊಟ್ಟ ಗೋಂಗೂರ ಪಚ್ಚಡಿಯ ಡಬ್ಬಿ.

"ಇದು ಪುಂಡಿಪಲ್ಯ ಅಲ್ಲೇನವ್ವ?" ಅಂದೆ.

"ಹೌದು ಮಾಮ, ಪುಂಡಿಪಲ್ಯನೇ. ಅಮ್ಮ ಗೋಂಗೂರ ಅಂತಾರೆ. ನಾನು ಎರಡೂ ಅಂತೀನಿ."

ಕ್ಯಾಂಪಿನವರ ದುಡಿಮೆಯನ್ನು, ಕೊಡುಗೈಯನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಕಂಪ್ಲಿಯಲ್ಲಿ ಅಂಗಡಿ ಮುಂದೆ ನಿಂತು ಕನ್ನಡದಲ್ಲಿ ಬೆಲೆ ಕೇಳಿದರೆ ಉತ್ತರ ತೆಲುಗಿನಲ್ಲಿ ಬರುತ್ತದೆ, ನಮ್ಮವರು ಮರುಮಾತಿಗೇ ತೆಲುಗಿಗೆ ಹೊರಳುತ್ತಾರೆ. ಹಾಗೆ ಹೊರಳುವುದು ನನಗೆ ಇಂದಿಗೂ ಹಿಡಿಸುವುದಿಲ್ಲ. ಈ ಹುಡುಗಿ ಮಾತ್ರ ನಮ್ಮ ಹೊಸ್ತಿಲು ದಾಟಿದ್ದೇ ಕನ್ನಡದಲ್ಲಿ.

ಓದಬೇಕಾದದ್ದು ಮೂರು: ನೆಹರೂ ಅವರ 1947ರ ಮಧ್ಯರಾತ್ರಿಯ ಭಾಷಣದ ತುಣುಕು, ಅಬ್ದುಲ್ ಕಲಾಂ ಆತ್ಮಕಥೆಯ ಬಾಲ್ಯದ ಭಾಗ, ನ್ಯೂಮನ್ ಎಂಬ ಪಾದ್ರಿ 1833ರಲ್ಲಿ ಬರೆದ ಪ್ರಾರ್ಥನಾ ಪದ್ಯ. ಮೂರಕ್ಕೂ ವಿಮರ್ಶೆ ಬರೆಯಬೇಕು. ಗೈಡಿನಲ್ಲಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ: ಇನ್‌ಸ್ಪೈರಿಂಗ್ ಆಗಿದೆ, ಭಾಷೆ ಸರಳವಾಗಿದೆ, ಎಲ್ಲರೂ ಓದಬೇಕು. ಇಬ್ಬರಿಗೂ ಬಾಯಿಪಾಠ. ಇನ್‌ಸ್ಪೈರಿಂಗ್ ಅಂದರೇನು ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಗೈಡ್ ಮುಚ್ಚಿಸಿದೆ. ಮೊದಲು ನಿಮ್ಮ ಮಾತಿನಲ್ಲಿ ಹೇಳಿ, ಇಂಗ್ಲಿಷ್ ಆಮೇಲೆ.

ಭಾಷಣದಿಂದ ಶುರು. ಆ ರಾತ್ರಿ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಸಂಡೂರು ಇನ್ನೂ ಘೋರ್ಪಡೆ ಅರಸರ ಸಂಸ್ಥಾನ. ದಿಲ್ಲಿಯಲ್ಲಿ ಇಂಗ್ಲಿಷಿನಲ್ಲಿ ಆಡಿದ ಮಾತು ಇಲ್ಲಿಯವರಿಗೆ ಹೇಗೆ ಮುಟ್ಟಿರಬೇಕು? ಕ್ಯಾಂಪಿನ ಹುಡುಗಿ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಳು. "ನಮ್ಮ ಮುತ್ತಜ್ಜಿಗೆ ಇಂಗ್ಲಿಷ್ ಬರ್ತಿರಲಿಲ್ಲ ಮಾಮ. ಯಾರಾದ್ರೂ ತೆಲುಗಲ್ಲಿ ಹೇಳಿರಬೇಕು. ಹೇಳಿದೋರು ಸರಿಯಾಗಿ ಹೇಳಿದ್ರೋ ಇಲ್ವೋ." ಇದನ್ನೇ ಬರಿ ಅಂದೆ. ಗೈಡಿನ ಮೂರು ಪುಟದಲ್ಲಿ ಇಷ್ಟು ಗಟ್ಟಿಯಾದ ಮಾತು ಒಂದೂ ಇರಲಿಲ್ಲ.

ಆತ್ಮಕಥೆಗೆ ಬಂದಾಗ ಅಕ್ಕನ ಮಗಳು, ಅದರಲ್ಲಿ ತಮ್ಮ ತಪ್ಪು ಬರ್ಕೊಬಹುದಾ ಅಂತ ಕೇಳಿದಳು. ನನಗೆ ತಟ್ಟನೆ ನೆನಪಾದದ್ದು ನಮ್ಮ ಜಿಲ್ಲೆಯವರೇ ಆದ ಬೀಚಿ, 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ವಯಸ್ಸಿನಲ್ಲಿ ಕನ್ನಡ ಪುಸ್ತಕವೆಂದರೆ ಮೂಗು ಮುರಿಯುತ್ತಿದ್ದವರನ್ನು ಅನಕೃ ಅವರ ‘ಸಂಧ್ಯಾರಾಗ’ ಕನ್ನಡಕ್ಕೆ ಎಳೆದು ತಂದಿತು. ಅವರ ಆತ್ಮಕಥೆಯ ಹೆಸರು ‘ನನ್ನ ಭಯಾಗ್ರಫಿ’ ಅಂದದ್ದೇ ಇಬ್ಬರೂ ಬಿದ್ದು ಬಿದ್ದು ನಕ್ಕರು. ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಎರಡು ಭಾಷೆ ಒಟ್ಟಿಗೆ ಕಿವಿಗೆ ಬಿದ್ದ ಮಕ್ಕಳಿಗೆ ಮಾತ್ರ ಆ ನಗು ಅಷ್ಟು ಬೇಗ ಬರುತ್ತದೆ. ದಂಡ ಹಾಕುವ ತರಗತಿಯಲ್ಲಿ ಆ ನಗುವಿಗೆ ಎಲ್ಲಿ ಜಾಗ? ಹಂಪಿಯಲ್ಲಿ ವಿರೂಪಾಕ್ಷ ಗುಡಿಯ ಮುಂದೆ ಪುಸ್ತಕ ಮಾರುವ ಹುಡುಗರು ಪರದೇಶದವರ ಜೊತೆ ಇಂಗ್ಲಿಷಿನಲ್ಲಿ ವ್ಯಾಪಾರ ಮಾಡಿ, ಅದೇ ಉಸಿರಿನಲ್ಲಿ ಗೆಳೆಯನನ್ನು ಕನ್ನಡದಲ್ಲಿ ಕೂಗುತ್ತಾರೆ. ಅವರ ಇಂಗ್ಲಿಷಿಗೆ ಕನ್ನಡದಿಂದ ಏನೂ ಧಕ್ಕೆಯಾಗಿಲ್ಲ.

ಉಳಿದದ್ದು ಪದ್ಯ. ದಂಡಕ್ಕೆ ಕಾರಣವಾದ ಪದ್ಯವೇ. ಕತ್ತಲಲ್ಲಿ ಮನೆಯಿಂದ ದೂರ ಇರುವವನು ಬೆಳಕನ್ನು ಕೈಹಿಡಿದು ನಡೆಸೆಂದು ಕೇಳುತ್ತಾನೆ ಅಂತ ನಾನು ಹೇಳುತ್ತಿದ್ದಂತೆ ಕ್ಯಾಂಪಿನ ಹುಡುಗಿ ಕಣ್ಣರಳಿಸಿದಳು. "ಮಾಮ, ಇದು ನಮ್ಮ ಪ್ರೇಯರ್ ಅಲ್ವಾ?" ಐದನೇ ಕ್ಲಾಸಿನವರೆಗೆ ಕ್ಯಾಂಪಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಕಲಿತವಳು. ದಿನಾ ಬೆಳಗ್ಗೆ ಸಾಲಾಗಿ ನಿಂತು ಹಾಡಿದ್ದನ್ನು ಎದ್ದು ನಿಂತು ಪೂರ್ತಿ ಹಾಡಿದಳು, ಒಂದಕ್ಷರ ತಪ್ಪದೆ. ಇಂಗ್ಲಿಷ್ ಪ್ರೊಫೆಸರ್ ಬಿ.ಎಂ.ಶ್ರೀಯವರು ಕನ್ನಡಕ್ಕೆ ತಂದು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಇಟ್ಟ ಪದ್ಯ. ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದು ಎಂದು 1911ರಲ್ಲಿ ಧಾರವಾಡದಲ್ಲಿ ಭಾಷಣ ಮಾಡಿದವರೂ ಅವರೇ. ಇಂಗ್ಲಿಷ್ ಬಲ್ಲವರು ಕನ್ನಡವನ್ನು ಕೈಬಿಡದೆ ಇದ್ದದ್ದರಿಂದ ಆ ಹಾಡು ಗದ್ದೆಯ ನಡುವಿನ ಕ್ಯಾಂಪಿನವರೆಗೆ ಬಂತು.

ಅಕ್ಕನ ಮಗಳು ಬಾಯಿ ತೆರೆದು ಕೇಳುತ್ತಿದ್ದಳು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಅವಳ ಕಿವಿಗೆ ಅದು ಬಿದ್ದೇ ಇರಲಿಲ್ಲ. ಕನ್ನಡದ ಮನೆಯ ಮಗಳಿಗೆ ಆ ಕನ್ನಡ ಪದ್ಯ ತೆಲುಗು ಮನೆಯ ಹುಡುಗಿಯಿಂದ ಸಿಕ್ಕಿತು. ನನಗೆ ಗಂಟಲು ಕಟ್ಟಿತು. ಅಡಿಗೆಮನೆಯಲ್ಲಿ ಅಕ್ಕ ಒಗ್ಗರಣೆ ಸೌಟು ಹಿಡಿದು ಹಾಗೇ ನಿಂತಿದ್ದಳು.

ಸಂಜೆ ಹುಡುಗಿಯ ಅಪ್ಪ ಬೈಕಿನಲ್ಲಿ ಬಂದು ಹಾರ್ನ್ ಹೊಡೆದರು. ಡಬ್ಬಿ ಖಾಲಿ ಕಳಿಸಬಾರದೆಂದು ಅಕ್ಕ ಗುರೆಳ್ಳು ಪುಡಿ ತುಂಬಿದಳು, ಬಾಗಿಲಿಗೆ ಹೋಗುವ ಮೊದಲು ಡೈರಿಗೆ ಕನ್ನಡದಲ್ಲಿ ಸಹಿ ಹಾಕಿದಳು. ಅಕ್ಕನ ಮಗಳು ಗೇಟಿನ ತನಕ ಗೆಳತಿಯ ಹಿಂದೆಯೇ ಹೋದಳು, ನೋಟ್‌ಬುಕ್ ಹಿಡಿದು, ಎರಡನೇ ಸಾಲು ಇನ್ನೊಮ್ಮೆ ಹೇಳು ಅನ್ನುತ್ತಾ.